ಮೈಕ್ರೋ ಟೆಸೆ ಮಾಡಿಸಿದರೂ ವೀರ್ಯಾಣು ಸಿಗಲಿಲ್ಲ. ಮುಂದೇನು ಅಂತ ನೀವು ಹೇಗೆ ತೀರ್ಮಾನ ಮಾಡಿದಿರಿ?

ನಡುದಾರಿ
ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಕ್ಷಮಿಸಿ.

ನನಗೆ 36, ಹೆಂಡತಿಗೆ 33. ನನ್ನ ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಅಂತ ಗೊತ್ತಾಗಿ ಮೂರು ವರ್ಷ. ದಾರಿ ಕಟ್ಟಿಕೊಂಡಿರುವುದಲ್ಲ, ಒಳಗೆ ತಯಾರೇ ಆಗುತ್ತಿಲ್ಲ ಅಂದರು. ಮಾತ್ರೆ, ಇಂಜೆಕ್ಷನ್, ಒಂದು ಸಾದಾ ಬಯಾಪ್ಸಿ ಎಲ್ಲ ಆಯಿತು. ಹೋದ ತಿಂಗಳು ಮೈಕ್ರೋ ಟೆಸೆ, ಅಂದರೆ ಮೈಕ್ರೋಸ್ಕೋಪ್ ಇಟ್ಟುಕೊಂಡು ವೃಷಣದೊಳಗೆ ಹುಡುಕುವ ಆಪರೇಷನ್. ಅದೇ ದಿನ ಹೆಂಡತಿಯ ಅಂಡಾಣುಗಳನ್ನೂ ತೆಗೆದರು.

ಅವತ್ತು ಬೆಳಿಗ್ಗೆ ಇಬ್ಬರೂ ಗೌನ್ ಹಾಕಿಕೊಂಡು ಅಕ್ಕಪಕ್ಕದ ಮಂಚದಲ್ಲಿ ಕೂತಿದ್ದೆವು. ನರ್ಸ್ ಒಂದು ಫಾರ್ಮ್ ತಂದರು. "ಸಿಗದೇ ಹೋದರೆ ಡೋನರ್ ಸ್ಯಾಂಪಲ್ ಬಳಸಬಹುದಾ? ಇಲ್ಲಿ ಟಿಕ್ ಮಾಡಿ" ಅಂದರು. ಪೆನ್ನು ನನ್ನ ಕೈಯಲ್ಲಿತ್ತು. ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಕೊನೆಗೆ "ಬೇಡ, ಫ್ರೀಜ್ ಮಾಡಿ" ಅಂತ ಬರೆದೆವು. ಸಂಜೆ ಫೋನ್ ಬಂತು. ನಾಲ್ಕು ಗಂಟೆ ಹುಡುಕಿದರಂತೆ, ಒಂದೂ ಸಿಗಲಿಲ್ಲ. ಈಗ ಒಂಬತ್ತು ಅಂಡಾಣು ಫ್ರೀಜರ್‌ನಲ್ಲಿವೆ.

ವಯಸ್ಸಾಗುತ್ತೆ, ಡೋನರ್ ತಗೊಂಡು ಬೇಗ ಶುರು ಮಾಡಿ ಅಂತ ಡಾಕ್ಟರ್ ಹೇಳುತ್ತಿದ್ದಾರೆ. ಹೆಂಡತಿಯನ್ನು ಕೇಳಿದರೆ "ನೀವು ಹೇಗಂದರೆ ಹಾಗೆ" ಅನ್ನುತ್ತಾಳೆ. ಇನ್ನೊಂದು ವಿಷಯ ಇದೆ, ಹೇಳಲು ನಾಚಿಕೆಯಾಗುತ್ತೆ. ತೊಂದರೆ ತನಗೇ ಇರುವುದು ಅಂತ ಅವಳು ತನ್ನ ಅಮ್ಮನಿಗೆ ಹೇಳಿದ್ದಾಳೆ. ನನ್ನನ್ನು ಕಾಪಾಡಲು. ನಾನು ಸುಮ್ಮನಿದ್ದೇನೆ.

ಇಲ್ಲಿಗೆ ಬಂದು ನಿಂತವರು ಮುಂದೆ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಬೇಲಿಹೂ
"ನೀವು ಹೇಗಂದರೆ ಹಾಗೆ" ಅನ್ನುವುದು ಒಪ್ಪಿಗೆ ಅಲ್ಲ. ತಾನು ಏನಾದರೂ ಹೇಳಿದರೆ ನಿಮಗೆ ನೋವಾಗುತ್ತೆ ಅನ್ನುವ ಭಯ ಅದು. ಅವರಿಗೇನು ಬೇಕು ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ.

ರಾತ್ರಿಪಾಳಿ
ಮೊದಲು ಒಂದು ಪ್ರಶ್ನೆ. ಜೆನೆಟಿಕ್ ಟೆಸ್ಟ್ ಆಗಿದೆಯಾ? ಕ್ರೋಮೋಸೋಮ್ ಮತ್ತು ವೈ ಕ್ರೋಮೋಸೋಮ್ ಮೈಕ್ರೋಡಿಲೀಷನ್ (ಅದರ ಸಣ್ಣ ತುಂಡು ಕಾಣೆಯಾಗಿರುವುದು), ಎರಡೂ? ವೈ ಮೇಲೆ ವೀರ್ಯಾಣು ತಯಾರಿಗೆ ಬೇಕಾದ ಎಝಡ್‌ಎಫ್ ಎ ಅಥವಾ ಬಿ ಭಾಗ ಪೂರ್ತಿ ಇಲ್ಲದಿದ್ದರೆ ವೀರ್ಯಾಣು ಸಿಗುವ ಆಸೆಯೇ ಇಲ್ಲ, ಆಪರೇಷನ್ನೇ ಮಾಡಬಾರದು. ಸಿ ಭಾಗ ಮಾತ್ರ ಹೋಗಿದ್ದರೆ ಸುಮಾರು ಅರ್ಧ ಜನರಿಗೆ ಸಿಗುತ್ತೆ. ಆದರೆ ಗಂಡು ಮಗು ಹುಟ್ಟಿದರೆ ಅದೇ ತೊಂದರೆ ಅವನಿಗೂ ಹೋಗುತ್ತೆ. ಬಯಾಪ್ಸಿ ರಿಪೋರ್ಟ್‌ನಲ್ಲಿ ಏನು ಬರೆದಿದ್ದಾರೆ?

ನಡುದಾರಿ
ಎರಡೂ ಆಗಿವೆ, ನಾರ್ಮಲ್. ಬಯಾಪ್ಸಿಯಲ್ಲಿ ಮೆಚುರೇಷನ್ ಅರೆಸ್ಟ್ ಅಂತ ಇದೆ.

ರಾತ್ರಿಪಾಳಿ
ಅಂದರೆ ಕಣಗಳು ಅರ್ಧ ದಾರಿಯಲ್ಲೇ ಬೆಳವಣಿಗೆ ನಿಲ್ಲಿಸುತ್ತಿವೆ. ಒಂದು ವೀರ್ಯಾಣು ಪೂರ್ತಿ ಬೆಳೆಯಲು ಸುಮಾರು 74 ದಿನ ಬೇಕು. ನಿಮ್ಮಲ್ಲಿ ಆ ಓಟ ಮಧ್ಯದಲ್ಲೇ ಮುಗಿಯುತ್ತಿದೆ. ಸುಳ್ಳು ಆಸೆ ಕೊಡಲ್ಲ. ಕೈ ಪಳಗಿದ ಸರ್ಜನ್ ಒಮ್ಮೆ ಮೈಕ್ರೋ ಟೆಸೆ ಮಾಡಿ ಸಿಗದೇ ಹೋದರೆ, ಮತ್ತೆ ಮಾಡಿದಾಗ ಸಿಗುವ ಸಾಧ್ಯತೆ ಕಡಿಮೆ. ಮಾಡಿಸುವುದಾದರೂ ಆರು ತಿಂಗಳು ಬಿಟ್ಟೇ ಮಾಡಿಸಿ, ವೃಷಣಕ್ಕೆ ಸುಧಾರಿಸಿಕೊಳ್ಳಲು ಸಮಯ ಬೇಕು.

ಇನ್ನೊಂದು ಮಾತು. ಈ ಆಪರೇಷನ್ ಆದ ಮೇಲೆ ಟೆಸ್ಟೋಸ್ಟೆರಾನ್ ಇಳಿಯಬಹುದು. ಮಗುವಿನ ವಿಷಯ ಏನೇ ಆಗಲಿ, ಕೆಲವು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ವರ್ಷ ಸುಸ್ತು, ಬೇಸರ. ದುಃಖದಿಂದ ಹೀಗಾಗುತ್ತಿದೆ ಅಂದುಕೊಂಡಿದ್ದೆ. ಟೆಸ್ಟ್ ಮಾಡಿಸಿದಾಗ ಹಾರ್ಮೋನ್ ತಳ ಮುಟ್ಟಿತ್ತು.

ನೇರಮಾತು
ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಡೋನರ್ ತಗೊಳ್ಳಿ, ಮಗು ಆಗಲಿ, ಯಾರಿಗೂ ಹೇಳಬೇಡಿ. ಹೊಟ್ಟೆಯಲ್ಲಿ ಹೊರುವುದು ನಿಮ್ಮ ಹೆಂಡತಿ, ಬೆಳೆಸುವುದು ನೀವು. ಯಾರಿಗೆ ಗೊತ್ತಾಗುತ್ತೆ? ಮಗುವಿಗೂ ಹೇಳುವ ಅಗತ್ಯ ಇಲ್ಲ. ಸುಮ್ನೆ ಅದರ ತಲೆಗೂ ಹುಳ ಬಿಟ್ಟ ಹಾಗಾಗುತ್ತೆ.

ತಡವಾಗಿ ತಿಳಿದವಳು
ಗೊತ್ತಾಗುತ್ತೆ. ನನಗೆ ಗೊತ್ತಾಯಿತು, 31ನೇ ವಯಸ್ಸಿನಲ್ಲಿ.

ಗೆಳತಿಯೊಬ್ಬಳು ಹುಟ್ಟುಹಬ್ಬಕ್ಕೆ ಡಿಎನ್‌ಎ ಕಿಟ್ ಕೊಟ್ಟಳು. ಆಟಕ್ಕೆ ಅಂತ ಎಂಜಲು ಕಳಿಸಿದೆ. ರಿಸಲ್ಟ್‌ನಲ್ಲಿ ನಾನು ಕೇಳೇ ಇರದ ಇಬ್ಬರು ಅರ್ಧ ಅಕ್ಕತಂಗಿಯರು ಇದ್ದರು. ಅಪ್ಪನ ಕಡೆಯವರು ಒಬ್ಬರೂ ಇರಲಿಲ್ಲ. ದಾನಿ ಟೆಸ್ಟ್ ಮಾಡಿಸಿಕೊಂಡಿರಬೇಕು ಅಂತಲೂ ಇಲ್ಲ ನೋಡಿ. ಅವರ ಚಿಕ್ಕಪ್ಪನ ಮಗ ಮಾಡಿಸಿಕೊಂಡರೂ ಸಾಕು, ದಾರ ಸಿಕ್ಕಿಬಿಡುತ್ತೆ.

ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ದಾನಿಯಿಂದ ಹುಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ನಿಜವಾಗಿ ಇಲ್ಲ. ಅಪ್ಪ ಅದೊಂದನ್ನು ಮೂವತ್ತು ವರ್ಷ ಒಬ್ಬರೇ ಹೊತ್ತುಕೊಂಡು ಓಡಾಡಿದರಲ್ಲ, ಅದಕ್ಕೆ ಅಳು ಬರುತ್ತೆ. ಪ್ರತಿ ಸಲ ಡಾಕ್ಟರ್ ಹತ್ತಿರ ಹೋದಾಗಲೂ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು ಅಂತ ನಾನು ಬರೆಸುತ್ತಿದ್ದೆ. ಅಮ್ಮ ಪಕ್ಕದಲ್ಲೇ ಕೂತಿರುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ನೇರಮಾತು
ನಿಮ್ಮ ನೋವು ಅರ್ಥವಾಗುತ್ತೆ ಮೇಡಂ. ಆದರೆ ನಿಮ್ಮ ಅಪ್ಪ ಅಮ್ಮ ಹೇಳಿಬಿಟ್ಟಿದ್ದರೆ ನೆಂಟರಿಷ್ಟರ ಬಾಯಿಗೆ ಬೀಳುತ್ತಿದ್ದಿರಿ. ಆ ಕಾಲದಲ್ಲಿ ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ತಡವಾಗಿ ತಿಳಿದವಳು
ನೆಂಟರಿಗೆ ಹೇಳಿ ಅಂತ ನಾನು ಎಲ್ಲಿ ಅಂದೆ? ನನಗೆ ಹೇಳಬೇಕಿತ್ತು.

ಹಳೇಪುಟ
ಈ ಗುಟ್ಟಿನ ಅಭ್ಯಾಸ ಹೊಸದಲ್ಲ. ದಾಖಲಾಗಿರುವ ತುಂಬ ಹಳೆಯ ಡೋನರ್ ಪ್ರಕರಣ ಒಂದು 1884ರಲ್ಲಿ ಫಿಲಡೆಲ್ಫಿಯಾದಲ್ಲಿ ಆಯಿತು. ಹೆಂಗಸಿಗೆ ಮಂಪರು ಬರಿಸಿ, ಒಬ್ಬ ವೈದ್ಯ ವಿದ್ಯಾರ್ಥಿಯ ವೀರ್ಯ ಹಾಕಿದರು. ಗಂಡನಿಗೆ ಆಮೇಲೆ ಹೇಳಿದರು, ಆಕೆಗೆ ಹೇಳಲೇ ಇಲ್ಲ. ಹೊರಗೆ ಬಂದದ್ದು 1909ರಲ್ಲಿ, ಒಂದು ವೈದ್ಯಕೀಯ ಪತ್ರಿಕೆಗೆ ಬರೆದ ಪತ್ರದಿಂದ.

ಈಗ ಕಾನೂನೂ ಬದಲಾಗುತ್ತಿದೆ. ದಾನಿ ಯಾರು ಅಂತ ತಿಳಿಯುವ ಹಕ್ಕನ್ನು ಸ್ವೀಡನ್ 1985ರಲ್ಲೇ ಮಕ್ಕಳಿಗೆ ಕೊಟ್ಟಿತು. ಬ್ರಿಟನ್‌ನಲ್ಲಿ 2005ರಿಂದ ಹೆಸರು ಮುಚ್ಚಿಟ್ಟು ದಾನ ಮಾಡುವಂತಿಲ್ಲ, 18 ತುಂಬಿದ ಮೇಲೆ ಮಗು ಕೇಳಬಹುದು. ಬೇರೆ ಕಡೆ ಬೇರೆ ನಿಯಮ. ನೀವಿರುವ ಕಡೆ ಏನಿದೆ ಅಂತ ಮೊದಲು ತಿಳಿದುಕೊಳ್ಳಿ.

ಪುಟ್ಟಿ ಅಪ್ಪ
ಅಣ್ಣ, ನೀವು ನಿಂತಿರುವ ಜಾಗದಲ್ಲಿ ನಾನು ಒಂಬತ್ತು ವರ್ಷದ ಹಿಂದೆ ನಿಂತಿದ್ದೆ. ನನ್ನ ಮಗಳು ಡೋನರ್‌ನಿಂದ ಹುಟ್ಟಿದವಳು. ಈಗ ಏಳು ವರ್ಷ.

ಮೊದಲ ವರ್ಷ ನಾನು ಒಪ್ಪಲೇ ಇಲ್ಲ. ಬೇರೆ ಯಾವನದ್ದೋ ಮಗು ಹೆಂಡತಿಯ ಹೊಟ್ಟೆಯಲ್ಲಿ, ಅನ್ನುವ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಅದು ಕೆಟ್ಟ ಯೋಚನೆ ಅಂತ ಗೊತ್ತಿದ್ದರೂ ಬರುತ್ತಿತ್ತು. ಒಬ್ಬ ಕೌನ್ಸೆಲರ್ ಹತ್ತಿರ ಹೋದೆವು. ಅವರು ಡೋನರ್ ಬಗ್ಗೆ ಕೇಳಲೇ ಇಲ್ಲ. "ನಿಮ್ಮ ಮಗು ಹೇಗಿರುತ್ತೆ ಅಂತ ಅಂದುಕೊಂಡಿದ್ದಿರಿ?" ಅಂತ ಕೇಳಿದರು. ಗುಂಗುರು ಕೂದಲು, ನಮ್ಮಪ್ಪನ ಹಾಗೆ ಉದ್ದ ಬೆರಳು ಅಂತ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಹುಟ್ಟದೇ ಇರುವ ಆ ಮಗುವಿಗೆ ನಾನು ಅಲ್ಲಿಯವರೆಗೆ ಅತ್ತೇ ಇರಲಿಲ್ಲ. ಅದಕ್ಕೆ ಅತ್ತ ಮೇಲೆ, ಇನ್ನೊಂದು ಮಗುವಿನ ಬಗ್ಗೆ ಯೋಚಿಸಲು ಮನಸ್ಸಿನಲ್ಲಿ ಜಾಗ ಆಯಿತು. ಎಂಟು ತಿಂಗಳು ಬೇಕಾಯಿತು.

ಮಗಳಿಗೆ ಮಾತು ಬರುವ ಮುಂಚಿನಿಂದಲೇ ಹೇಳುತ್ತಾ ಬಂದೆವು. ಡೈಪರ್ ಬದಲಿಸುವಾಗ ಹೇಳಿ ಹೇಳಿ ನಮಗೇ ಅಭ್ಯಾಸ ಆಯಿತು. ಮಗು ಆಗಲು ಬೇಕಾದ ಕಣ ಅಪ್ಪನ ಹತ್ತಿರ ಇರಲಿಲ್ಲ, ಒಬ್ಬರು ಒಳ್ಳೆಯವರು ಕೊಟ್ಟರು, ಅಷ್ಟೇ. ನಾಲ್ಕು ವರ್ಷ ಇದ್ದಾಗ ಒಂದು ರಾತ್ರಿ ಅವಳೇ ಎಲ್ಲ ಮತ್ತೆ ಕೇಳಿದಳು. ಎದೆ ಡವಡವ ಅನ್ನುತ್ತಿತ್ತು, ಆದರೂ ಪೂರ್ತಿ ಹೇಳಿದೆ. ಕೇಳಿಸಿಕೊಂಡು, "ಸರಿ, ಲೈಟ್ ಆರಿಸಬೇಡ" ಅಂದು ಮಗ್ಗುಲಾದಳು.

ದೊಡ್ಡವಳಾದ ಮೇಲೆ ಕೋಪ ಬರಬಹುದು, ದಾನಿಯನ್ನು ಹುಡುಕಬಹುದು. ಆಗ ಜೊತೆಗೆ ಹೋಗುತ್ತೇನೆ.

ಬೇಲಿಹೂ
"ಲೈಟ್ ಆರಿಸಬೇಡ" ಓದಿ ಕಣ್ಣು ತುಂಬಿತು.

ಲ್ಯಾಬ್ ಅಕ್ಕ
ನಾನು ಎಂಬ್ರಿಯಾಲಜಿಸ್ಟ್, ಅಂದರೆ ಲ್ಯಾಬ್‌ನಲ್ಲಿ ಅಂಡಾಣು, ವೀರ್ಯಾಣು, ಭ್ರೂಣ ನೋಡಿಕೊಳ್ಳುವವಳು. ನಡುದಾರಿ ಅವರೇ, ನಿಮ್ಮ ಪೋಸ್ಟ್‌ನಲ್ಲಿ ಒಂದು ಗಂಟು ಇದೆ, ಅದನ್ನು ಬಿಡಿಸುತ್ತೇನೆ.

ಡೋನರ್ ತಗೊಳ್ಳುವುದಾದರೂ ಆ ಒಂಬತ್ತು ಅಂಡಾಣು ಬೇಕೇಬೇಕು ಅಂತಿಲ್ಲ. ನಿಮ್ಮ ಹೆಂಡತಿಯ ಟ್ಯೂಬ್‌ಗಳು, ಅಂಡಾಣು ಬಿಡುಗಡೆ ಸರಿ ಇದ್ದರೆ ಐಯುಐ ಸಾಕಾಗಬಹುದು. ದಾನಿಯ ವೀರ್ಯವನ್ನು ಗರ್ಭಕೋಶಕ್ಕೆ ನೇರವಾಗಿ ಬಿಡುವುದು, ಅಷ್ಟೇ. ನಿಮಗೆ ಐವಿಎಫ್ (ಲ್ಯಾಬ್‌ನಲ್ಲಿ ಭ್ರೂಣ ಮಾಡುವುದು), ಅದರಲ್ಲೂ ಇಕ್ಸಿ ಬೇಕಾಗಿದ್ದದ್ದು ನಿಮ್ಮ ವೀರ್ಯಾಣು ಸಿಕ್ಕಿದರೆ ಒಂದೆರಡೇ ಸಿಗುತ್ತೆ, ಅದನ್ನು ಸೂಜಿಯಿಂದ ಅಂಡಾಣುವಿನೊಳಗೆ ಹಾಕಬೇಕು ಅಂತ. ಡೋನರ್ ವೀರ್ಯದಲ್ಲಿ ಲಕ್ಷಗಟ್ಟಲೆ ಇರುತ್ತವೆ. ಈ ಪ್ರಶ್ನೆಯನ್ನು ಡಾಕ್ಟರ್‌ಗೆ ನೇರವಾಗಿ ಕೇಳಿ.

ಎರಡನೆಯದು ವಯಸ್ಸು. ಫ್ರೀಜ್ ಆದ ಅಂಡಾಣುವಿಗೆ ವಯಸ್ಸಾಗಲ್ಲ. ನಿಮ್ಮ ಹೆಂಡತಿಗೆ 36 ಆದಾಗ ಕರಗಿಸಿದರೂ ಅವು 33ರ ಅಂಡಾಣುಗಳೇ. ಆದ್ದರಿಂದ ಮೂರು ನಾಲ್ಕು ತಿಂಗಳು ಯೋಚನೆ ಮಾಡಿದರೆ ಆಕಾಶ ಕಳಚಿ ಬೀಳಲ್ಲ. ಹಾಗಂತ ಒಂಬತ್ತು ಅಂಡಾಣು ಅಂದರೆ ಒಂಬತ್ತು ಮಗು ಅಲ್ಲ. ಕರಗಿಸುವಾಗ ಒಂದೆರಡು ಹೋಗಬಹುದು. ಉಳಿದದ್ದರಲ್ಲಿ ಎಲ್ಲವೂ ಫಲಿಸಲ್ಲ. ಫಲಿಸಿದ್ದೆಲ್ಲ ಲ್ಯಾಬ್‌ನಲ್ಲಿ ಐದನೇ ದಿನದವರೆಗೆ ಬೆಳೆಯಲ್ಲ. ಅವು ಒಂದು ಅವಕಾಶ, ಗ್ಯಾರಂಟಿ ಅಲ್ಲ.

ಇನ್ನು ಆ ಫಾರ್ಮ್. ಆಪರೇಷನ್ ದಿನ ಬೆಳಿಗ್ಗೆ ಅದನ್ನು ತಂದುಕೊಡುವುದು ತಪ್ಪು. ವಾರಗಳ ಮುಂಚೆಯೇ ಕೂತು ಮಾತಾಡಬೇಕಾದ ವಿಷಯ ಅದು. ಗೊತ್ತಿಲ್ಲದಾಗ ಬೇಡ ಅಂದಿರಲ್ಲ, ಸರಿ ಮಾಡಿದಿರಿ.

ನಡುದಾರಿ
ಅಕ್ಕ, ಐಯುಐ ವಿಷಯ ನಮಗೆ ಯಾರೂ ಹೇಳಿರಲೇ ಇಲ್ಲ. ಆ ಒಂಬತ್ತನ್ನು ಈಗಲೇ ಬಳಸಬೇಕು, ಇಲ್ಲದಿದ್ದರೆ ಹಾಳಾಗುತ್ತೆ ಅಂತಲೇ ಅಂದುಕೊಂಡಿದ್ದೆವು. ತುಂಬ ಥ್ಯಾಂಕ್ಸ್.

ಹೊಸಬ_88
ಜಿಂಕ್, ಫೋಲಿಕ್ ಆಸಿಡ್ ಒಳ್ಳೇ ಡೋಸ್‌ನಲ್ಲಿ ಆರು ತಿಂಗಳು ತಗೊಂಡು ನೋಡಿ. ನನ್ನ ಸ್ನೇಹಿತನಿಗೆ ಕೌಂಟ್ ಜಾಸ್ತಿ ಆಯಿತು.

ರಾತ್ರಿಪಾಳಿ
ದಯವಿಟ್ಟು ಬೇಡ. ಇದನ್ನೇ ಎರಡು ಸಾವಿರಕ್ಕೂ ಜಾಸ್ತಿ ದಂಪತಿಗಳ ಮೇಲೆ ಪರೀಕ್ಷೆ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸರು ಆರು ತಿಂಗಳು ಜಿಂಕ್, ಫೋಲಿಕ್ ಆಸಿಡ್ ತಗೊಂಡರು. ಹುಟ್ಟಿದ ಮಕ್ಕಳ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ, ಹೊಟ್ಟೆ ತೊಂದರೆ ಮಾತ್ರ ಜಾಸ್ತಿ ಆಯಿತು. ಕೌಂಟ್ ಕಡಿಮೆ ಇರುವುದು ಬೇರೆ, ಸೊನ್ನೆ ಇರುವುದು ಬೇರೆ.

ಹೊಸಬ_88
ಸರಿ ಸರ್, ಗೊತ್ತಿರಲಿಲ್ಲ. ಹಾಗಾದರೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್? ಜಿಮ್‌ನಲ್ಲಿ ಎಲ್ಲರೂ ತಗೊಳ್ಳುತ್ತಾರೆ. ನಾನೂ ಶುರು ಮಾಡಬೇಕು ಅಂತಿದ್ದೆ, ಗಂಡಸುತನಕ್ಕೆ ಒಳ್ಳೆಯದು ಅಂದರು.

ಲ್ಯಾಬ್ ಅಕ್ಕ
ಬೇಡವೇ ಬೇಡ ತಮ್ಮಾ! ಹೊರಗಿಂದ ಟೆಸ್ಟೋಸ್ಟೆರಾನ್ ಹೋದರೆ, ಇಲ್ಲಿ ಸಾಕಷ್ಟಿದೆ ಅಂತ ಮಿದುಳು ತಿಳಿದು ವೃಷಣಕ್ಕೆ ಸಿಗ್ನಲ್ ಕಳಿಸುವುದನ್ನೇ ನಿಲ್ಲಿಸುತ್ತೆ. ವೀರ್ಯಾಣು ಸೊನ್ನೆಗೆ ಇಳಿಯಬಹುದು. ಬಿಟ್ಟ ಮೇಲೆ ಹೆಚ್ಚಿನವರಿಗೆ ವಾಪಸ್ ಬರುತ್ತೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಮಗು ಬೇಕು ಅನ್ನುವವರು ಅದನ್ನು ಮುಟ್ಟಬಾರದು.

ಹೊಸಬ_88
ಇಲ್ಲಿ ಬರೆದಿದ್ದೇ ಒಳ್ಳೆಯದಾಯಿತು. ಬಿಟ್ಟೆ.

ಕಿರುಬೆರಳು
ನಡುದಾರಿ ಅವರಿಗೆ ಅಣ್ಣತಮ್ಮ ಇದ್ದರೆ ಅವರ ವೀರ್ಯ ತಗೊಳ್ಳಬಹುದಲ್ಲವೇ? ರಕ್ತ ಸಂಬಂಧವೂ ಉಳಿಯುತ್ತೆ. ನಾವು ಅದನ್ನೇ ಯೋಚಿಸುತ್ತಿದ್ದೇವೆ.

ಹಳೇಪುಟ
ಕೆಲವು ದೇಶಗಳಲ್ಲಿ ಗುರುತಿನವರಿಂದ ತಗೊಳ್ಳಲು ಕಾನೂನು ಬಿಡಲ್ಲ, ಕೆಲವು ಕಡೆ ಬಿಡುತ್ತೆ. ಬಿಡುವ ಕಡೆಯೂ ಸೋಂಕಿನ ಪರೀಕ್ಷೆ ಇರುತ್ತೆ. ವೀರ್ಯವನ್ನು ಆರು ತಿಂಗಳು ಫ್ರೀಜ್ ಮಾಡಿಟ್ಟು ದಾನಿಗೆ ಮತ್ತೆ ಟೆಸ್ಟ್ ಮಾಡುವ ಪದ್ಧತಿ ತುಂಬ ಕಡೆ ಇದೆ.

ಪುಟ್ಟಿ ಅಪ್ಪ
ನಾವೂ ಇದನ್ನು ಯೋಚಿಸಿ ಕೈಬಿಟ್ಟೆವು. ತಮ್ಮ ಒಪ್ಪಿದ್ದ. ಆದರೆ ನಾನು ಮಗುವನ್ನು ಗದರಿಸಿದಾಗ ಅವನ ಮುಖ ನೋಡುತ್ತೇನೆ ಅನ್ನಿಸಿತು. ಅವನ ಹೆಂಡತಿಗೆ ಏನನ್ನಿಸುತ್ತೆ, ಅವನ ಮಕ್ಕಳಿಗೆ ಏನು ಹೇಳುವುದು? ಕಿರುಬೆರಳು ಅವರೇ, ನಾಲ್ಕೂ ಜನ ಒಟ್ಟಿಗೆ ಕೂತು ಮಾತಾಡಿ. ಅಣ್ಣತಮ್ಮ ಇಬ್ಬರೇ ಮಾತಾಡಿ ಮುಗಿಸಬೇಡಿ.

ಕಿರುಬೆರಳು
ನಿಜ. ಮೈದುನನ ಹೆಂಡತಿಯನ್ನು ನಾವು ಕೇಳೇ ಇಲ್ಲ.

ಇಬ್ಬರೇ
ಇನ್ನೊಂದು ದಾರಿ ಇದೆ, ಯಾರೂ ಹೇಳಲಿಲ್ಲ. ನಿಲ್ಲಿಸುವುದು.

ನಾವು ಐದು ವರ್ಷ ಓಡಾಡಿ ನಿಲ್ಲಿಸಿದೆವು. ಡೋನರ್ ಬೇಡ ಅಂತ ನನಗೇ ಅನ್ನಿಸಿತು, ಗಂಡನಿಗಲ್ಲ. ದತ್ತು ಬಗ್ಗೆ ಎರಡು ಮೀಟಿಂಗ್‌ಗೆ ಹೋದೆವು, ಮನಸ್ಸು ಎಳೆಯಲಿಲ್ಲ. ಒಂದು ದಿನ ಫ್ರಿಜ್ ಬಾಗಿಲು ತೆಗೆದಾಗ ಹಳೇ ಇಂಜೆಕ್ಷನ್ ಡಬ್ಬಿ ಕೈಗೆ ಸಿಕ್ಕಿತು. ಅವಧಿ ಮುಗಿದಿತ್ತು. ಅದನ್ನು ಎಸೆದು ಬಂದು, "ಸಾಕು ಅಲ್ವಾ?" ಅಂದೆ. ಇವರು "ಸಾಕು" ಅಂದರು. ಆವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು.

ಸುಲಭ ಅಂತ ಹೇಳಲ್ಲ. ಅಕ್ಕನ ಮಗಳ ನಾಮಕರಣದಲ್ಲಿ ಬಚ್ಚಲಿಗೆ ಹೋಗಿ ಅತ್ತಿದ್ದೇನೆ. ಆದರೆ ನಮ್ಮದು ಖಾಲಿ ಮನೆ ಅಲ್ಲ.

ನೇರಮಾತು
ವಯಸ್ಸಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಯೋಚಿಸಿದ್ದೀರಾ?

ಇಬ್ಬರೇ
ಯೋಚಿಸಿದ್ದೇವೆ, ಅದಕ್ಕೆ ತಯಾರಿಯನ್ನೂ ಮಾಡಿಕೊಳ್ಳುತ್ತಿದ್ದೇವೆ. ಮಗು ಹುಟ್ಟುವ ಮೊದಲೇ ಅದಕ್ಕೆ ಆ ಕೆಲಸ ಕೊಟ್ಟಿಡಲು ನನಗೆ ಮನಸ್ಸಿಲ್ಲ.

ಎರಡು ಚಪ್ಪಲಿ
ದತ್ತು ಪಡೆದವಳು ನಾನು. ಮಗ ಬಂದಾಗ ಮೂರು ವರ್ಷ.

"ಏನೂ ಆಗದಿದ್ದರೆ ದತ್ತು ಇದ್ದೇ ಇದೆ" ಅನ್ನುವ ಮಾತು ಕೇಳಿದರೆ ನನಗೆ ಕೋಪ ಬರುತ್ತೆ. ಅದು ಕೌಂಟರ್‌ನಲ್ಲಿ ಸಿಗುವ ವಸ್ತು ಅಲ್ಲ. ಅರ್ಜಿ ಹಾಕಬೇಕು, ಮನೆಗೆ ಬಂದು ನೋಡುತ್ತಾರೆ, ಇಬ್ಬರ ಜೊತೆ ಬೇರೆ ಬೇರೆ ಮಾತಾಡುತ್ತಾರೆ, ಆಮೇಲೆ ಕಾಯಬೇಕು. ವಯಸ್ಸಿನ ಮಿತಿಯೂ ಇರುತ್ತೆ. ಚಿಕಿತ್ಸೆಯ ದುಃಖ ಹಸಿಯಾಗಿರುವಾಗ ಬಂದರೆ ಅವರಿಗೆ ಗೊತ್ತಾಗುತ್ತೆ, ಸ್ವಲ್ಪ ಕಾಲ ಬಿಟ್ಟು ಬನ್ನಿ ಅನ್ನುತ್ತಾರೆ. ನಮಗೆ ಹಾಗೇ ಅಂದರು. ಆಗ ಅವಮಾನ ಅನ್ನಿಸಿತ್ತು. ಈಗ ಅವರು ಸರಿ ಅನ್ನಿಸುತ್ತೆ.

ಮಗ ಬಂದ ಮೊದಲ ತಿಂಗಳು ರಾತ್ರಿ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ. ಮತ್ತೆ ಎಲ್ಲಿಗೋ ಕಳಿಸುತ್ತಾರೆ ಅಂತ. ನಾವು ಬಿಚ್ಚಿಸಲಿಲ್ಲ. ಐದನೇ ವಾರ ಅವನೇ ಬಿಚ್ಚಿ ನಮ್ಮ ಚಪ್ಪಲಿ ಪಕ್ಕ ಇಟ್ಟ. ನನ್ನ ಹೆಸರು ಅಲ್ಲಿಂದ ಬಂದದ್ದು. ಅವನಿಗೂ ಒಂದು ಹಿಂದಿನ ಕಥೆ ಇದೆ. ನಿಮ್ಮ ಗಾಯಕ್ಕೆ ಪಟ್ಟಿ ಕಟ್ಟಲು ಮಗು ಬರಲ್ಲ. ಆ ಮಗುವಿನ ಗಾಯಕ್ಕೆ ಕೈ ಹಿಡಿಯಲು ಶಕ್ತಿ ಇದ್ದಾಗ ಹೋಗಿ.

ಕಾಯುವವ
ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಕಣಗಳಾಗಿ ಬದಲಾಗಬಲ್ಲ ಮೂಲ ಕಣ) ವೀರ್ಯಾಣು ಮಾಡುತ್ತಾರಂತಲ್ಲ? ಇನ್ನೆರಡು ವರ್ಷ ಕಾದರೆ ನಮ್ಮದೇ ಮಗು ಆಗುತ್ತೆ ಅಂತ ಓದಿದೆ.

ಲ್ಯಾಬ್ ಅಕ್ಕ
ಇಲಿಗಳಲ್ಲಿ ಆಗಿದೆ. 2011ರಲ್ಲಿ ಜಪಾನಿನ ಕ್ಯೋಟೋದ ವಿಜ್ಞಾನಿಗಳು ಸ್ಟೆಮ್ ಸೆಲ್‌ನಿಂದ ವೀರ್ಯಾಣು ಮಾಡಿ ಮರಿಗಳು ಹುಟ್ಟಿದವು. ಮನುಷ್ಯರಿಗೆ ಇನ್ನೂ ಚಿಕಿತ್ಸೆಯಾಗಿ ಬಂದಿಲ್ಲ. ಯಾರಾದರೂ ಈಗಲೇ ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಅದನ್ನೇ ನಂಬಿ ಹೆಂಡತಿಯ ವಯಸ್ಸು ಕಳೆಯಬೇಡಿ.

ಸುಳ್ಳು ಹೇಳಿದವಳು
ನಡುದಾರಿ ಅವರೇ, ನಿಮ್ಮ ಹೆಂಡತಿ ಅವರಮ್ಮನಿಗೆ ಸುಳ್ಳು ಹೇಳಿದರು ಅಂದಿರಲ್ಲ. ನಾನೂ ಹೇಳಿದ್ದೆ. ನಾಲ್ಕು ವರ್ಷ.

ಪ್ರೀತಿಯಿಂದಲೇ ಹೇಳಿದ್ದು. ಇವರ ಮುಖ ಕಪ್ಪಾಗುವುದನ್ನು ನೋಡಲಾಗಲಿಲ್ಲ. ಆದರೆ ಆಮೇಲೆ ಸಿಕ್ಕಸಿಕ್ಕವರು ನನಗೆ ಔಷಧಿ ಹೇಳುತ್ತಿದ್ದರು, ನನ್ನ ಹೊಟ್ಟೆ ನೋಡುತ್ತಿದ್ದರು. ಇಲ್ಲದ ಕಾಯಿಲೆಗೆ ನಾನು ತಲೆ ಆಡಿಸುತ್ತಿದ್ದೆ. ಇವರು ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದರು. ಆ ಫೋನ್ ನೋಡುವುದು ಇತ್ತಲ್ಲ, ಅದನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಡೋನರೋ ದತ್ತೋ ಆಮೇಲೆ ನೋಡಿ. ಮೊದಲು ಆ ಭಾರ ಅವರ ತಲೆಯಿಂದ ಇಳಿಸಿ. ಆಗ ಅವರು "ನೀವು ಹೇಗಂದರೆ ಹಾಗೆ" ಅನ್ನುವುದನ್ನು ಬಿಟ್ಟು ಮನಸ್ಸಿನ ಮಾತು ಹೇಳಬಹುದು.

ನೇರಮಾತು
ಇದನ್ನು ನಾನು ಒಪ್ಪುತ್ತೇನೆ. ಮಗುವಿಗೆ ಹೇಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಬದಲಾಗಿಲ್ಲ, ಆದರೆ ಪುಟ್ಟಿ ಅಪ್ಪ ಬರೆದದ್ದನ್ನು ಎರಡು ಸಲ ಓದಿದೆ.

ನಡುದಾರಿ
ಹನ್ನೊಂದು ದಿನ ಆಯಿತು. ಎಲ್ಲವನ್ನೂ ಓದಿದೆ, ಹೆಂಡತಿಯೂ ಓದಿದಳು. "ಸುಳ್ಳು ಹೇಳಿದವಳು" ಬರೆದ ಜಾಗಕ್ಕೆ ಬಂದಾಗ ಫೋನ್ ನನ್ನ ಕೈಗೆ ಕೊಟ್ಟು ಎದ್ದು ಹೋದಳು.

ಮಾರನೇ ದಿನ ನಾನೇ ಅವಳ ಅಮ್ಮನಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಂಡಿದ್ದೆ, ಎರಡನೇ ಸಾಲಿಗೇ ಗಂಟಲು ಕಟ್ಟಿತು. "ಅತ್ತೆ, ತೊಂದರೆ ನನ್ನದು, ಅವಳದ್ದಲ್ಲ" ಅಂದೆ. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆಪರೇಷನ್ ಗಾಯ ಒಣಗಿದೆಯೇನಪ್ಪ?" ಅಂತ ಕೇಳಿದರು.

ಆ ರಾತ್ರಿ ಹೆಂಡತಿ ಮೊದಲ ಸಲ ತನ್ನ ಮಾತು ಹೇಳಿದಳು. ಅವಳಿಗೆ ಬಸಿರಾಗಬೇಕು ಅಂತ ಆಸೆ ಇದೆ. ಡೋನರ್ ಬಗ್ಗೆ ಭಯ ಇಲ್ಲ, ನಾನು ದೂರ ಆಗಿಬಿಡುತ್ತೇನೆ ಅನ್ನುವ ಭಯ ಇದೆ. ನನಗಿನ್ನೂ ಹೌದು ಅನ್ನಲು ಆಗುತ್ತಿಲ್ಲ, ಅದನ್ನೂ ಅವಳಿಗೆ ಹೇಳಿದೆ. ಕೌನ್ಸೆಲರ್ ಹತ್ತಿರ ಮುಂದಿನ ಮಂಗಳವಾರಕ್ಕೆ ಟೈಮ್ ತಗೊಂಡಿದ್ದೇವೆ. ಫ್ರೀಜರ್ ಶುಲ್ಕ ಒಂದು ವರ್ಷಕ್ಕೆ ಕಟ್ಟಿದೆವು. ಡಾಕ್ಟರ್‌ಗೆ ಮೂರು ತಿಂಗಳು ಬಿಟ್ಟು ಬರುತ್ತೇವೆ ಅಂದೆವು, ರಕ್ತ ಪರೀಕ್ಷೆಯನ್ನೂ ಆಗಲೇ ಮಾಡಿಸುತ್ತೇನೆ.

ಪುಟ್ಟಿ ಅಪ್ಪ, ನಿಮಗೊಂದು ಮೆಸೇಜ್ ಮಾಡಬಹುದೇ?

ಪುಟ್ಟಿ ಅಪ್ಪ
ಖಂಡಿತ ಮಾಡಿ ಅಣ್ಣ. ರಾತ್ರಿ ಒಂಬತ್ತರ ಮೇಲೆ, ಅವಳು ಮಲಗಿದ ಮೇಲೆ ಸಿಗುತ್ತೇನೆ.